ತಕ್ಕಡಿ ನಡೆಯದ ಕಡೆ ದೇಹವನ್ನು ತೂಗುವುದು ಹೇಗೆ?

ಓದುಗರ ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಸದಾ ತೇಲುತ್ತಿರುತ್ತಾರೆ. ತೂಕದ ಯಂತ್ರದ ಮೇಲೆ ನಿಲ್ಲಲೂ ಆಗದ ಅವರ ಮೈತೂಕ ಇಳಿದಿದೆಯೋ ಇಲ್ಲವೋ ಎಂಬುದು ವೈದ್ಯರಿಗೆ ಹೇಗೆ ತಿಳಿಯುತ್ತದೆ?

ಉತ್ತರ: ಅಲ್ಲಿ ಗುರುತ್ವವೇ ಇಲ್ಲವೆಂದು ಹಲವರು ತಿಳಿದಿದ್ದಾರೆ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ನಿಲ್ದಾಣದ ಮೇಲೆ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಹತ್ತರಲ್ಲಿ ಒಂಬತ್ತರಷ್ಟು ಇದ್ದೇ ಇರುತ್ತದೆ. ಆದರೆ ನಿಲ್ದಾಣ, ಯಂತ್ರ, ಮನುಷ್ಯ ಎಲ್ಲವೂ ಒಂದೇ ವೇಗೋತ್ಕರ್ಷದಿಂದ (ವೇಗ ಬದಲಾಗುವ ದರದಿಂದ) ಭೂಮಿಯತ್ತ ಬೀಳುತ್ತಲೇ ಸುತ್ತುತ್ತಿರುವುದರಿಂದ ಪಾದ ಯಂತ್ರವನ್ನು ಒತ್ತುವುದಿಲ್ಲ. ನಮ್ಮ ಮನೆಯ ತೂಕದ ಯಂತ್ರ ಅಳೆಯುವುದು ಆ ಒತ್ತುವಿಕೆಯನ್ನೇ. ಅದಿಲ್ಲದಿದ್ದರೆ ಮುಳ್ಳು ಸೊನ್ನೆಯನ್ನು ತೋರಿಸುತ್ತದೆ.

ಹಾಗಾಗಿ ತೂಕದ ಬದಲು ದೇಹದ ದ್ರವ್ಯರಾಶಿಯನ್ನೇ ಬೇರೊಂದು ದಾರಿಯಿಂದ ಹಿಡಿಯಬೇಕು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಎರಡನೆಯ ಚಲನ ನಿಯಮವನ್ನು ನಾವಿಂದು ‘ಬಲ = ದ್ರವ್ಯರಾಶಿ × ವೇಗೋತ್ಕರ್ಷ’ ಎಂದು ಬರೆಯುತ್ತೇವೆ. ಈ ಸಮೀಕರಣದಲ್ಲಿ ಗುರುತ್ವದ ಹೆಸರೇ ಇಲ್ಲವೆಂಬುದನ್ನು ಗಮನಿಸಿ. ಒಂದು ವಸ್ತು ತನ್ನ ವೇಗದ ಬದಲಾವಣೆಗೆ ಎಷ್ಟು ಪ್ರತಿರೋಧ ತೋರುತ್ತದೆ ಎಂಬುದೇ ಅದರ ದ್ರವ್ಯರಾಶಿ. ಈ ಪ್ರತಿರೋಧ ಭೂಮಿಯಲ್ಲಿಯೂ ಕಕ್ಷೆಯಲ್ಲಿಯೂ ಒಂದೇ. ದ್ರವ್ಯರಾಶಿಯೆಂದರೆ ‘ವಸ್ತುವಿನ ಪ್ರಮಾಣ’ ಎಂದಷ್ಟೇ ಕಲಿತವರಿಗೆ ಈ ಮಾತು ತಲುಪಿರುವುದಿಲ್ಲ, ಆದರೆ ನಿಯಮದ ಜೀವಾಳವಿರುವುದು ಇಲ್ಲಿಯೇ.

ನಿಲ್ದಾಣದಲ್ಲಿರುವ ಒಂದು ಉಪಕರಣ ಇದನ್ನೇ ನೇರವಾಗಿ ಬಳಸುತ್ತದೆ. ಅದರ ತೋಳಿಗೆ ಗಗನಯಾತ್ರಿ ಅಂಟಿಕೊಂಡಂತೆ ನಿಂತಾಗ, ಸ್ಪ್ರಿಂಗ್‌ಗಳು ಮೊದಲೇ ಗೊತ್ತಿರುವ ಸ್ಥಿರ ಬಲದಿಂದ ಅವರನ್ನು ಎಳೆಯುತ್ತವೆ ಮತ್ತು ಉಪಕರಣ ವೇಗೋತ್ಕರ್ಷವನ್ನು ಅಳೆಯುತ್ತದೆ. ಲೆಕ್ಕ ಸುಲಭವಾಗಲೆಂದು ಎಳೆಯುವ ಬಲ 80 ನ್ಯೂಟನ್ (ಬಲವನ್ನು ಅಳೆಯುವ ಮಾನ) ಎಂದುಕೊಳ್ಳೋಣ. 80 ಕಿಲೋಗ್ರಾಂ ದ್ರವ್ಯರಾಶಿಯ ವ್ಯಕ್ತಿಗೆ ಆಗ 1ರಷ್ಟು ವೇಗೋತ್ಕರ್ಷ ಉಂಟಾಗುತ್ತದೆ, ಅಂದರೆ ಅವರ ವೇಗ ಪ್ರತಿ ಸೆಕೆಂಡಿನಲ್ಲಿಯೂ ‘ಸೆಕೆಂಡಿಗೆ 1 ಮೀಟರ್’ನಷ್ಟು ಹೆಚ್ಚುತ್ತದೆ. ಅದೇ ವ್ಯಕ್ತಿ 4 ಕಿಲೋಗ್ರಾಂ ಇಳಿದಿದ್ದರೆ ಅದು ಸುಮಾರು 1.05ಕ್ಕೆ ಏರುತ್ತದೆ. ಬಲವನ್ನು ವೇಗೋತ್ಕರ್ಷದಿಂದ ಭಾಗಿಸಿದರೆ ದ್ರವ್ಯರಾಶಿ ಸಿಗುತ್ತದೆ.

1973ರಲ್ಲಿ ಹಾರಿದ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ಇನ್ನೊಂದು ವಿಧಾನವಿತ್ತು: ಸ್ಪ್ರಿಂಗ್‌ಗೆ ಜೋಡಿಸಿದ ಆಸನದಲ್ಲಿ ಕುಳಿತವರನ್ನು ಹಿಂದೆ ಮುಂದೆ ಆಡಿಸಿ, ಒಂದು ಆಂದೋಲನಕ್ಕೆ ಹಿಡಿಯುವ ಕಾಲವನ್ನು ಅಳೆಯಲಾಗುತ್ತಿತ್ತು. ದ್ರವ್ಯರಾಶಿ ನಾಲ್ಕು ಪಟ್ಟಾದರೆ ಈ ಕಾಲ ಎರಡು ಪಟ್ಟಾಗುತ್ತದೆ. ಉಯ್ಯಾಲೆಯಲ್ಲಿ ಮಗು ಕುಳಿತರೂ ದೊಡ್ಡವರು ಕುಳಿತರೂ ಹೆಚ್ಚುಕಡಿಮೆ ಒಂದೇ ಕಾಲ ಹಿಡಿಯುತ್ತದಲ್ಲ ಎಂದು ಕೇಳುವವರಿದ್ದಾರೆ, ಪ್ರಶ್ನೆ ಯೋಗ್ಯವಾದದ್ದು. ಉಯ್ಯಾಲೆಯನ್ನು ಹಿಂದಕ್ಕೆಳೆಯುವುದು ಗುರುತ್ವ, ಅದು ದ್ರವ್ಯರಾಶಿಗೆ ತಕ್ಕಂತೆ ತಾನೂ ಹೆಚ್ಚುವುದರಿಂದ ಭಾರದ ವ್ಯತ್ಯಾಸ ಕಾಣದಂತಾಗುತ್ತದೆ. ಗಾಳಿಯ ತಡೆಯಿಲ್ಲದಿದ್ದರೆ ಕಲ್ಲೂ ಗರಿಯೂ ಒಟ್ಟಿಗೆ ನೆಲ ಮುಟ್ಟುವುದಕ್ಕೂ ಇದೇ ಕಾರಣ. ಸ್ಪ್ರಿಂಗ್‌ಗೆ ಮಾತ್ರ ತನ್ನ ಮೇಲೆ ಯಾರು ಕುಳಿತಿದ್ದಾರೆಂಬುದರ ಹಂಗಿಲ್ಲ, ಅದರ ಬಲ ದ್ರವ್ಯರಾಶಿಗೆ ತಕ್ಕಂತೆ ಹೆಚ್ಚದ್ದರಿಂದ ವ್ಯತ್ಯಾಸ ಆಂದೋಲನದ ಕಾಲದಲ್ಲಿ ಕಾಣಿಸುತ್ತದೆ.

ಅಳತೆಯಲ್ಲಿ ನಿಜವಾದ ತೊಡಕು ಬರುವುದು ಮನುಷ್ಯದೇಹ ಕಲ್ಲಿನಂತೆ ಗಟ್ಟಿಯಾಗಿಲ್ಲದಿರುವುದರಿಂದ. ಎಳೆತಕ್ಕೆ ಕೈಕಾಲು ಅಲುಗಾಡಿದರೆ, ಒಳಗಿನ ಅಂಗಗಳೂ ದ್ರವಗಳೂ ತುಸು ಹಿಂದುಳಿದರೆ ಇಡೀ ದೇಹದ ವೇಗೋತ್ಕರ್ಷ ಒಂದೇ ಆಗಿ ಉಳಿಯುವುದಿಲ್ಲ, ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ಗಗನಯಾತ್ರಿಗಳು ಕಾಲುಗಳಿಂದ ಆಧಾರವನ್ನು ಬಿಗಿಯಾಗಿ ಸುತ್ತಿಕೊಂಡು, ಹೊಟ್ಟೆಯನ್ನು ಮೆತ್ತೆಗೆ ಒತ್ತಿ, ಗದ್ದವನ್ನು ಊರಿ, ಎಳೆತ ಮುಗಿಯುವವರೆಗೆ ಅಲುಗಾಡದೆ ಇರಬೇಕಾಗುತ್ತದೆ.