ಪ್ಯೂಜೆಟ್ ಸೌಂಡ್‌ನ ತಣ್ಣೀರಿಗೆ ಯಾವ ಫ್ಲೈ ಲೈನ್, ಯಾವ ರಾಡ್?

ಸಿಯಾಟಲ್‌ಗೆ ಬಂದ ಮೇಲೆ ಫ್ಲೈ ಫಿಶಿಂಗ್, ಅಂದರೆ ಹಗುರವಾದ ನಕಲಿ ಹುಳ ಕಟ್ಟಿ ಹೊಳೆಯಲ್ಲಿ ಟ್ರೌಟ್ ಹಿಡಿಯುವುದು, ಒಂದಿಷ್ಟು ಕೈಗೆ ಹತ್ತಿತ್ತು. ಈ ಮಾರ್ಚ್‌ನಿಂದ ಕಡಲ ದಡಕ್ಕೆ, ಅಂದರೆ ಊರಿನ ಪಕ್ಕದಲ್ಲೇ ಒಳನಾಡಿಗೆ ಚಾಚಿರುವ ಪ್ಯೂಜೆಟ್ ಸೌಂಡ್‌ಗೆ, ಇಳಿದಿದ್ದೇನೆ. ಅಲ್ಲಿ ಎಡವಿದ್ದು, ಆಮೇಲೆ ಅರ್ಥವಾಗಿದ್ದು, ಎರಡನ್ನೂ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಬೀಸುವ ಪಟ್ಟು, ಗಂಟು ಹಾಕುವ ರೀತಿ ಇಲ್ಲಿ ಇಲ್ಲ. ಅವು ಹೊಳೆಯಲ್ಲಿ ಹೇಗೋ ಇಲ್ಲೂ ಹಾಗೇ.

ಮೀನು ಮತ್ತು ರಾಡ್

ದಡದಿಂದ ಸಿಗುವವು ಮುಖ್ಯವಾಗಿ ಎರಡು. ಒಂದು ಸೀ-ರನ್ ಕಟ್‌ತ್ರೋಟ್. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಬಂದು, ದಡದ ಹತ್ತಿರವೇ ಮೇಯುವ ಟ್ರೌಟ್. ಸಾಮಾನ್ಯವಾಗಿ 12ರಿಂದ 18 ಇಂಚು. ಇದಕ್ಕೆ 6ನೇ ನಂಬರ್ ರಾಡ್ ಸಾಕು (ನಂಬರ್ ಏನು ಅಂತ ಮುಂದೆ ಹೇಳುತ್ತೇನೆ). ಇನ್ನೊಂದು ಕೋಹೊ ಸಾಲ್ಮನ್. ಬೇಸಿಗೆ ಕೊನೆಯಿಂದ ಅಕ್ಟೋಬರ್‌ವರೆಗೆ ಇದರ ಕಾಲ. ಮೀನೂ ದೊಡ್ಡದು, ಹುಳವೂ ದೊಡ್ಡದು, ಹಾಗಾಗಿ 8. ಬೆಸ ಸಂಖ್ಯೆಯ ವರ್ಷಗಳಲ್ಲಿ ಪಿಂಕ್ ಸಾಲ್ಮನ್ ಕೂಡ ಬರುತ್ತದೆ. ಅದಕ್ಕೆ ಎರಡರಲ್ಲಿ ಯಾವುದಾದರೂ ಆಗುತ್ತದೆ.

ಒಂದೇ ರಾಡ್ ಕೊಳ್ಳುವುದಾದರೆ ನಾನು 7 ಅನ್ನುತ್ತೇನೆ. ಉದ್ದ 9 ಅಡಿ ಸಾಲದು ಅಂತಲ್ಲ. ಆದರೆ ಸೊಂಟದವರೆಗೆ ನೀರಲ್ಲಿ ನಿಂತಾಗ ಒಂಬತ್ತೂವರೆ, 10 ಅಡಿ ರಾಡ್ ಇದ್ದರೆ ಲೈನ್ ಹಿಂದಿನ ಅಲೆಗೆ ತಾಗುವುದಿಲ್ಲ. ಎದುರುಗಾಳಿ ಇಲ್ಲಿ ದಿನದ ಮಾತು, ಆದ್ದರಿಂದ ಬಿಗಿಯಾಗಿ ಬಾಗುವ ಫಾಸ್ಟ್ ಆ್ಯಕ್ಷನ್ ರಾಡ್ ಬೇಕು.

ನಂಬರ್ ಅಂದರೆ ಏನು

ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ಹುಳಕ್ಕೆ ತೂಕವೇ ಇಲ್ಲ, ಲೈನೇ ತೂಕ. ಆ ತೂಕ ರಾಡನ್ನು ಬಗ್ಗಿಸಬೇಕು, ಹಾಗಾಗಿ ರಾಡಿನ ನಂಬರ್ ಅಂದರೆ ಅದಕ್ಕೆ ಹೊಂದುವ ಲೈನಿನ ನಂಬರ್. ಲೈನಿನ ಮೊದಲ 30 ಅಡಿಯನ್ನು ಗ್ರೇನ್ ಲೆಕ್ಕದಲ್ಲಿ ತೂಗಿ ನಂಬರ್ ಕೊಡುತ್ತಾರೆ. 6 ಅಂದರೆ 160 ಗ್ರೇನ್, 7 ಅಂದರೆ 185, 8 ಅಂದರೆ 210. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಅಂದರೆ 6ನೇ ನಂಬರ್ ಲೈನಿನ ಆ 30 ಅಡಿ ಹತ್ತು ಗ್ರಾಂ ಚಿಲ್ಲರೆ ತೂಗುತ್ತದೆ, ಅಷ್ಟೇ.

ಈ ಮೂರು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಡಬ್ಬದ ಮೇಲೆ ದೊಡ್ಡದಾಗಿ 6 ಅಂತಿದ್ದು, ಹಿಂಭಾಗದಲ್ಲಿ ಸಣ್ಣಗೆ 30 ಅಡಿ ಹೆಡ್ (ಲೈನಿನ ಮುಂದಿನ ದಪ್ಪ ಭಾಗ), 185 ಗ್ರೇನ್ ಅಂತಿದ್ದರೆ ಅದು ಲೆಕ್ಕದಲ್ಲಿ 7. ಕಡಲಿಗೆ ಮಾಡಿದ ಲೈನುಗಳಲ್ಲಿ ಇದು ಜಾಸ್ತಿ. ಮೋಸ ಅಂದುಕೊಳ್ಳಬೇಡಿ. ತೂಕ ಜಾಸ್ತಿ ಇದ್ದರೆ ಬಿಗಿ ರಾಡ್ ಬೇಗ ಬಾಗುತ್ತದೆ. ಎದುರಿಗೆ ಮೀನು ನೆಗೆದಾಗ ಒಂದೆರಡು ಬೀಸಿಗೇ ಲೈನ್ ಹೊರಗೆ ಹೋಗಬೇಕು ಅಲ್ವಾ? ನಂಬರ್ ಬಿಟ್ಟು ಗ್ರೇನ್ ನೋಡುವ ಅಭ್ಯಾಸವಾದ ಮೇಲೆ ಅಂಗಡಿಯಲ್ಲಿ ನನ್ನ ಅರ್ಧ ಗೊಂದಲ ಹೋಯಿತು.

ನಾನು ಎಡವಿದ ಜಾಗ: ಉಪ್ಪುನೀರಿನ ಲೈನ್ ಅಂದರೆ ತಣ್ಣೀರಿನ ಲೈನ್ ಅಲ್ಲ

ಅಂಗಡಿಯಲ್ಲಿ 'ಸಾಲ್ಟ್ ವಾಟರ್' ಅಂತ ಬರೆದಿದ್ದ ಲೈನ್ ಕೊಂಡೆ. ಕಡಲು ಅಂದರೆ ಉಪ್ಪುನೀರು, ಸರಿಯಾಗೇ ಇದೆ ಅಂದುಕೊಂಡೆ. ಮಾರ್ಚ್ ಬೆಳಗ್ಗೆ ಹುಡ್ ಕೆನಾಲ್ (ಹೆಸರಿಗೆ ಕೆನಾಲ್, ನಿಜಕ್ಕೆ ಕಡಲ ತೋಳು) ದಡದಲ್ಲಿ ರೀಲ್‌ನಿಂದ ಎಳೆದರೆ ಲೈನ್ ಹಳೇ ಫೋನಿನ ವೈರಿನ ಹಾಗೆ ಸುರುಳಿ ಸುರುಳಿಯಾಗೇ ಹೊರಗೆ ಬಂತು. ಬೀಸಿದೆ. ಒಂದು ಸುರುಳಿ ರಾಡಿನ ಮೊದಲ ಬಳೆಗೆ (ಲೈನ್ ಹಾಯುವ ಉಂಗುರ) ಬಡಿದು ಅಲ್ಲೇ ಸಿಕ್ಕಿಕೊಂಡಿತು. ಮತ್ತೆ ಬಿಡಿಸಿ ಬೀಸಿದೆ, ಮತ್ತೆ ಅದೇ. ರಾಡ್ ಸರಿಯಿಲ್ಲ ಅಂತ ಒಂದು ಗಂಟೆ ರಾಡ್ ಜೊತೆ ಗುದ್ದಾಡಿದೆ.

ಜೊತೆಗೆ ಬಂದಿದ್ದ ಹಾಸನದ ಹಿರಿಯರೊಬ್ಬರು ಲೈನನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಏನ್ರೀ ಇದು, ತಂತಿ ತಂತಿ ಥರ ಇದೆಯಲ್ಲ! ಇದು ಬಿಸಿಲು ನಾಡಿನ ಲೈನು ಕಣ್ರೀ" ಅಂದರು.

ಫ್ಲೈ ಲೈನ್‌ನಲ್ಲಿ ಎರಡು ಪದರ. ಒಳಗೆ ತಿರುಳಿನ ದಾರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಪಿವಿಸಿ ಹೊದಿಕೆಯೇ ಜಾಸ್ತಿ. ಫ್ಲೋರಿಡಾ, ಬಹಾಮಾಸ್ ಕಡೆಯ ಬಿಸಿ ಕಡಲಲ್ಲಿ ಮೆತ್ತನೆ ಲೈನ್ ಬೇಯಿಸಿದ ಶಾವಿಗೆ ಥರ ಜೋತುಬಿದ್ದು ಬಳೆಗಳಿಗೆ ಅಂಟುತ್ತದೆ. ಅದಕ್ಕೇ ಅಲ್ಲಿಗೆ ಮಾಡುವ ಲೈನಿನ ತಿರುಳೂ ಬಿಗಿ, ಹೊದಿಕೆಯೂ ಗಟ್ಟಿ. ಅದೇ ಲೈನನ್ನು ಚಳಿಗಾಲದ ಪ್ಯೂಜೆಟ್ ಸೌಂಡ್‌ಗೆ, ಸುಮಾರು 8 ಡಿಗ್ರಿಯ ನೀರಿಗೆ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ರೀಲ್‌ನಲ್ಲಿ ಸುತ್ತಿಕೊಂಡಿದ್ದ ಆಕಾರವನ್ನು ಬಿಡುವುದೇ ಇಲ್ಲ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಎಣ್ಣೆ ಬರುವುದಿಲ್ಲವಲ್ಲ, ಆ ಬಾಟಲಿ ನೆನಪಿಟ್ಟುಕೊಳ್ಳಿ. ಎಣ್ಣೆ ಕೆಟ್ಟಿಲ್ಲ, ಚಳಿ ಅಷ್ಟೇ. ನನ್ನ ಲೈನೂ ಕೆಟ್ಟದ್ದಲ್ಲ. ಮಲ್ಪೆಯ ಬೆಚ್ಚಗಿನ ಕಡಲಲ್ಲಿ ಅದು ಚೆನ್ನಾಗೇ ಓಡುತ್ತದೆ. ಇಲ್ಲಿನ ತಣ್ಣೀರಿನ ಲೈನನ್ನು ಮಲ್ಪೆಗೆ ಒಯ್ದರೆ ಅದೇ ಜೋತುಬೀಳುತ್ತದೆ.

ಹಾಗಾಗಿ ಡಬ್ಬದ ಮೇಲೆ ಉಪ್ಪು ಹುಡುಕಬೇಡಿ, ಚಳಿ ಹುಡುಕಿ. 'ಕೋಲ್ಡ್ ವಾಟರ್' ಅಂತ ಇದ್ದರೆ ಸರಿ. 'ಟ್ರಾಪಿಕಲ್' ಅಂತಿದ್ದರೆ ವಾಪಸ್ ಇಡಿ. ಏನೂ ಬರೆದಿಲ್ಲ ಅಂದರೆ ಮೀನಿನ ಹೆಸರು ನೋಡಿ. ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಬಿಸಿನೀರಿನ ಮೀನುಗಳು. ಸ್ಟ್ರೈಪ್ಡ್ ಬಾಸ್ ಅಂತಿದ್ದರೆ ಸಾಮಾನ್ಯವಾಗಿ ತಣ್ಣೀರಿನ ಲೈನ್. ತಿರುಳು ಹೆಣೆದ ನೈಲಾನ್ ಆಗಿದ್ದರೆ ಮೆತ್ತಗಿರುತ್ತದೆ. ಒಂದೇ ಎಳೆಯ ಮೋನೋ ತಿರುಳು ಚಳಿಯಲ್ಲಿ ಸುರುಳಿ ಹಿಡಿಯುವುದು ಹೆಚ್ಚು. ಗಾಜಿನಂತೆ ಪಾರದರ್ಶಕವಾದ ಲೈನುಗಳಲ್ಲಿ ಈ ಮೋನೋ ತಿರುಳೇ ಜಾಸ್ತಿ, ಅಲ್ಲಿ ಎರಡು ಸಲ ಯೋಚಿಸಿ.

ಮನೆಯಲ್ಲೇ ನೋಡುವ ದಾರಿ ಒಂದಿದೆ. ಬಕೆಟ್ ನೀರಿಗೆ ಐಸ್ ಹಾಕಿ, ಥರ್ಮಾಮೀಟರ್ ಇಟ್ಟು 8 ಡಿಗ್ರಿಗೆ ತನ್ನಿ. ರೀಲ್‌ನಿಂದ ನಾಲ್ಕೈದು ಸುತ್ತು ಲೈನ್ ಬಿಚ್ಚಿ ಹದಿನೈದು ನಿಮಿಷ ಮುಳುಗಿಸಿ. ಆಮೇಲೆ ಎರಡು ಕೈಯಲ್ಲಿ ಸಡಿಲವಾಗಿ ಹಿಡಿದು ನೋಡಿ. ಬಟ್ಟೆ ಒಣಹಾಕುವ ಹಗ್ಗದಂತೆ ಇಳಿಬಿದ್ದರೆ ಆಯಿತು. ಮತ್ತೆ ಉಂಗುರವಾಗಿ ಸುತ್ತಿಕೊಂಡರೆ ದಡದಲ್ಲೂ ಅದೇ ಗತಿ. ನನ್ನ ಹಳೇ ಲೈನ್ ಸುತ್ತಿಕೊಂಡಿತು, ಹೊಸದು ಇಳಿಬಿತ್ತು. ಹಳೆಯದನ್ನು ಕೈಯಲ್ಲಿ ಎಳೆದೆಳೆದು ನೆಟ್ಟಗೆ ಮಾಡಬಹುದು, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಸುರುಳಿ.

ತೇಲುವುದೋ, ಮುಳುಗುವುದೋ

ಮೊದಲು ಇಂಟರ್‌ಮೀಡಿಯೆಟ್ ಕೊಳ್ಳಿ. ಸೆಕೆಂಡಿಗೆ ಒಂದರಿಂದ ಎರಡು ಇಂಚಿನಂತೆ ನಿಧಾನವಾಗಿ ಇಳಿಯುತ್ತದೆ. ತೇಲುವ ಲೈನ್ ಪ್ರತಿ ಅಲೆಯ ಮೇಲೂ ಹತ್ತಿ ಇಳಿಯುತ್ತದೆ, ನಡುವೆ ಸಡಿಲ ಬೀಳುತ್ತದೆ, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ. ಇಂಟರ್‌ಮೀಡಿಯೆಟ್ ಅಲೆಯ ಕೆಳಗೆ ನೇರವಾಗಿ ನಿಲ್ಲುತ್ತದೆ. ಗಾಳಿಯಿಲ್ಲದ ದಿನ, ಮೊಣಕಾಲುದ್ದದ ನೀರಲ್ಲಿ ತೇಲುವುದೇ ಚೆನ್ನ. ಮಾರ್ಚ್, ಏಪ್ರಿಲ್‌ನಲ್ಲಿ ಚಮ್ ಸಾಲ್ಮನ್ ಮರಿಗಳು ಹೊಳೆಯಿಂದ ಇಳಿದು ದಡಕ್ಕೆ ಅಂಟಿಕೊಂಡೇ ಸಾಗುತ್ತವೆ. ಕಟ್‌ತ್ರೋಟ್ ಅವನ್ನು ಅಲ್ಲೇ ತಿನ್ನುತ್ತದೆ. ಆಗ ತೇಲುವ ಲೈನ್ ಹಾಕಿ.

ಇಂಟರ್‌ಮೀಡಿಯೆಟ್ ಕೊಂಡರೆ ಸೊಂಟಕ್ಕೆ ಕಟ್ಟುವ ಬುಟ್ಟಿಯೂ ಬೇಕು. ಇಲ್ಲದಿದ್ದರೆ ಎಳೆದುಕೊಂಡ ಲೈನ್ ಕಾಲ ಬುಡದಲ್ಲಿ ಮುಳುಗಿ ಕಲ್ಲಿಗೆ ಅಂಟಿ ಬೆಳೆಯುವ ಬಾರ್ನಕಲ್ ಚಿಪ್ಪಿಗೆ ತೀಡಿ ಹೊದಿಕೆ ಕಿತ್ತುಬರುತ್ತದೆ. ನಾನು ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ಬಿಗೆ ಬೆಲ್ಟ್ ಹಾಕಿದ್ದೇನೆ. ತಳದಲ್ಲಿ ಏಳೆಂಟು ಜಿಪ್ ಟೈ ನೆಟ್ಟಗೆ ನಿಲ್ಲಿಸಿದರೆ ಲೈನ್ ಒಂದರ ಮೇಲೊಂದು ಸಿಕ್ಕಾಗುವುದಿಲ್ಲ.

ಉಳಿದದ್ದು

ದೊಡ್ಡ ವ್ಯಾಸದ ಲಾರ್ಜ್ ಆರ್ಬರ್ ರೀಲ್ ಆದರೆ ಸುರುಳಿಯೂ ದೊಡ್ಡದು, ಕಾಟವೂ ಕಡಿಮೆ. ಮನೆಗೆ ಬಂದ ಕೂಡಲೇ ರೀಲ್, ರಾಡ್, ಲೈನ್ ಮೂರನ್ನೂ ಸಿಹಿನೀರಲ್ಲಿ ತೊಳೆಯಿರಿ.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು ಇರಬಾರದು, ಇದ್ದರೆ ಇಕ್ಕಳದಲ್ಲಿ ಒತ್ತಿಬಿಡಿ. ಇಲ್ಲಿನ ಕಡಲಲ್ಲಿ ಸಿಕ್ಕ ಕಟ್‌ತ್ರೋಟನ್ನು ವಾಪಸ್ ಬಿಡಲೇಬೇಕು. ಹೊಸ ಲೈನ್ ಹಾಕಿದ ವಾರ ಅದೇ ದಡದಲ್ಲಿ ನನಗೆ 14 ಇಂಚಿನದೊಂದು ಸಿಕ್ಕಿತು. ದವಡೆಯ ಕೆಳಗೆ ಕುಂಕುಮ ಗೀಚಿದಂತೆ ಎರಡು ಕೆಂಪು ಗೆರೆ. ಅದರಿಂದಲೇ ಆ ಹೆಸರು. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಮೇಲೆತ್ತದೆ ಗಾಳ ಬಿಡಿಸಿದೆ. ಒಂದು ಕ್ಷಣ ನನ್ನ ಬೂಟಿನ ನೆರಳಲ್ಲೇ ನಿಂತಿದ್ದು ಹೋಯಿತು.