ಆಟದ ನಿಯಮ ಯಾರ ಸೊತ್ತು?

ಕುಂಬಳೆ, ಎಡನೀರು ಕಡೆಯ ತಾಳಮದ್ದಳೆ ಕೂಟಗಳನ್ನು ಕಂಡವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟವನ್ನು ವಿವರಿಸುವುದು ಕಷ್ಟವಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ವೇಷವಿಲ್ಲದೆ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಶುವಾಗಿ ಮಾತಾಡುತ್ತಾರೆ. ಭಾಗವತರು ಪ್ರಸಂಗವನ್ನು ನಡೆಸುವಂತೆ ನಿರ್ವಾಹಕನೊಬ್ಬ ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ. ವ್ಯತ್ಯಾಸವಿರುವುದು ಕೊನೆಯಲ್ಲಿ. ವಾಲಿಯ ಅರ್ಥಧಾರಿ ರಾಮನನ್ನು ಮಾತಿನಲ್ಲಿ ಎಷ್ಟೇ ಕಟ್ಟಿಹಾಕಿದರೂ ಪ್ರಸಂಗದ ಪ್ರಕಾರ ವಾಲಿ ಸಾಯಲೇಬೇಕು. ಈ ಆಟದಲ್ಲಿ ಅವನು ಉಳಿಯುವನೋ ಇಲ್ಲವೋ ಎಂಬುದನ್ನು ನಿಯಮ ಮತ್ತು ದಾಳಗಳು ತೀರ್ಮಾನಿಸುತ್ತವೆ. ಆದ್ದರಿಂದ ಇಲ್ಲಿ ನಿಯಮದ ಪುಸ್ತಕವೇ ಬಂಡವಾಳ. ಅದರ ಒಡೆತನದ ಜಗಳದಿಂದಲೇ ಸ್ವತಂತ್ರ ಪ್ರಕಾಶನ ಹುಟ್ಟಿತು ಎಂದು ನಾನು ತಿಳಿಯುತ್ತೇನೆ.

ಈ ಬಗೆಯ ಆಟಗಳಲ್ಲಿ ಮೊದಲು ಮಾರಾಟಕ್ಕೆ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಸ್ವತಃ ಸ್ವಂತ ಪ್ರಕಾಶನದ ಕೂಸು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವನ್ನು ಗೈಗ್ಯಾಕ್ಸ್ ಸಹಭಾಗಿಯಾಗಿದ್ದ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಹೊರತಂದಿತು. ಮೊದಲ ಮುದ್ರಣದಲ್ಲಿದ್ದುದು 1,000 ಪ್ರತಿ. ಆದರೆ ಗೌರವಧನದ ತಕರಾರಿನಿಂದ ಆರ್ನೆಸನ್ 1979ರಲ್ಲಿ ಅದೇ ಸಂಸ್ಥೆಯ ಮೇಲೆ ದಾವೆ ಹೂಡಬೇಕಾಯಿತು, 1985ರಲ್ಲಿ ಗೈಗ್ಯಾಕ್ಸ್ ಕೂಡ ಸಂಸ್ಥೆಯ ಹಿಡಿತ ಕಳೆದುಕೊಂಡರು. ಹೀಗೆ ಆಟ ಹೆತ್ತ ಇಬ್ಬರ ಕೈಯಿಂದಲೂ ಆಟ ಜಾರಿಹೋಯಿತು. ‘ಸಾರ್ಸರರ್’ ಆಟದ ರಾನ್ ಎಡ್ವರ್ಡ್ಸ್ ಮುಂತಾದವರು ಮುಂದೆ ‘ಇಂಡಿ’ ಎಂಬ ಪದಕ್ಕೆ ಕೊಟ್ಟ ಅರ್ಥ ಅದಕ್ಕೇ ಸರಳವಾಗಿತ್ತು: ಬರೆದವರೇ ಒಡೆಯರಾಗಿರಬೇಕು.

ಟಿಎಸ್‌ಆರನ್ನು 1997ರಲ್ಲಿ ಕೊಂಡ ವಿಝರ್ಡ್ಸ್ ಆಫ್ ದ ಕೋಸ್ಟ್, ತನ್ನ ಮೂಲನಿಯಮಗಳನ್ನು ಇತರರೂ ಬಳಸಬಹುದಾದ ಮುಕ್ತ ಪರವಾನಗಿಯನ್ನು 2000ದಲ್ಲಿ ಕೊಟ್ಟಿತು. ಅದನ್ನು ಬದಲಿಸಿ, ವರ್ಷಕ್ಕೆ 7,50,000 ಡಾಲರ್ ಮೀರಿದ ಆದಾಯದ ಮೇಲೆ ಪಾಲು ಕೇಳುವ ಕರಡು 2023ರ ಜನವರಿಯಲ್ಲಿ ಸೋರಿಕೆಯಾದಾಗ ಸಣ್ಣ ಪ್ರಕಾಶಕರು ಒಟ್ಟಾಗಿ ವಿರೋಧಿಸಿದರು. ಅದೇ ತಿಂಗಳ 27ರಂದು ಸಂಸ್ಥೆ ಮಣಿದು, ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಹಿಂತೆಗೆಯಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಕಾಸರಗೋಡಿನಲ್ಲಿ ಕುಳಿತು ಅದನ್ನು ಕನ್ನಡಕ್ಕೆ ತಂದು ಮಾರುವುದಕ್ಕೂ ಈಗ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೂ ನೂರಾರು ಪುಟಗಳ ಆ ಅನುವಾದಕ್ಕಿಂತ, ವಿನ್ಸೆಂಟ್ ಮತ್ತು ಮೆಗೆ ಬೇಕರ್ ದಂಪತಿ 2010ರಲ್ಲಿ ‘ಅಪೋಕಲಿಪ್ಸ್ ವರ್ಲ್ಡ್’ ಮೂಲಕ ತೋರಿಸಿದ ದಾರಿ ನಮಗೆ ಹೆಚ್ಚು ಒಪ್ಪುತ್ತದೆ. ಅವರ ರಚನಾಕ್ರಮವನ್ನು ಅನುಸರಿಸಿ ಯಾರು ಬೇಕಾದರೂ ಸ್ವಂತ ಮಾತುಗಳಲ್ಲಿ ಹೊಸ ಆಟ ಬರೆಯಬಹುದು. ಬೇಕಾದುದು ಅಂಗಡಿಯಲ್ಲಿ ಸಿಗುವ ಆರು ಮುಖದ ಎರಡು ದಾಳ: ಪಾತ್ರದ ಗುಣಾಂಕವನ್ನೂ ಕೂಡಿಸಿ 10 ಅಥವಾ ಹೆಚ್ಚು ಬಂದರೆ ಗೆಲುವು, 6 ಅಥವಾ ಕಡಿಮೆ ಬಂದರೆ ಸಂಕಟ, 7ರಿಂದ 9 ಬಂದರೆ ಬೆಲೆ ತೆತ್ತು ಪಡೆದ ಗೆಲುವು. ಆಟ ಬರೆಯುವವರ ಕಸುಬು ಕಾಣಿಸುವುದು ಈ ನಡುವಿನ ಫಲದಲ್ಲಿ. ಅಲ್ಲಿ ವಾಲಿ ಬದುಕುತ್ತಾನೆ, ಆದರೆ ಕಿಷ್ಕಿಂಧೆ ಸುಗ್ರೀವನದಾಗುತ್ತದೆ, ಮುಂದಿನ ಮಾತನ್ನು ತಾರೆಯ ಪಾತ್ರಧಾರಿ ಎತ್ತಬೇಕಾಗುತ್ತದೆ.