ಮೊದಲ ಪುಟದ ಹತ್ತು ಲಕ್ಷ

ಒಂದು ಶನಿವಾರ ಮಧ್ಯಾಹ್ನ ಮುಂಬೈಯ ಮಾಟುಂಗಾದ ನಮ್ಮ ಆಫೀಸಿಗೆ ಅಪ್ಪ, ಮಗ ಇಬ್ಬರೂ ಬಂದರು. ಅಪ್ಪ ಕುಂದಾಪುರದ ಕಡೆಯ ಶೆಟ್ರು, ಮೂವತ್ತು ವರ್ಷದಿಂದ ಹೋಟೆಲಿನ ಗಲ್ಲಾದಲ್ಲಿ ಕೂತವರು. ಆ ಹೋಟೆಲಿನ ಲೆಕ್ಕಪತ್ರ ನೋಡುವವನು ನಾನೇ. ಮಗ ಆರಡಿ ಏಳಿಂಚು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದ. ಇಲ್ಲೇ ಇಂಡಿಯನ್ ಜಿಮ್ಖಾನಾದಲ್ಲಿ ಬಾಸ್ಕೆಟ್‌ಬಾಲ್ ಕಲಿತು, ನಾಗಪಾಡಾದ ಹುಡುಗರ ಮೊಣಕೈ ಏಟು ತಿಂದು ಬೆಳೆದವನು. ಈಗ ಒಂದು ಲೀಗ್ ತಂಡ ಅವನನ್ನು ಕರೆದಿತ್ತು.

"ರಾಯ್ರೇ, ಹತ್ತ್ ಲಕ್ಷ ಅಂತ ಬರ್ದಿತ್ ಕಾಣಿ" ಎಂದು ಶೆಟ್ರು 14 ಪುಟದ ಕರಾರನ್ನು ಮೇಜಿನ ಮೇಲಿಟ್ಟರು. 500 ರೂಪಾಯಿಯ ಸ್ಟ್ಯಾಂಪ್ ಪೇಪರ್ (ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರಿನಿಂದ 100ರದ್ದು ನಡೆಯುವುದಿಲ್ಲ), ದಪ್ಪ ಅಕ್ಷರದಲ್ಲಿ ಮೊತ್ತ. ನೋಡಲು ಎಲ್ಲ ಲಕ್ಷಣವಾಗಿಯೇ ಇತ್ತು.

ಇಂಥ ಕಾಗದ ಬಂದರೆ ನಾನು ಹಿಂದಿನಿಂದ ಓದುತ್ತೇನೆ. ಎಷ್ಟು ಕೊಡುತ್ತೇವೆ ಎಂಬುದು ಮೊದಲ ಪುಟದಲ್ಲಿರುತ್ತದೆ. ಯಾವಾಗ, ಯಾರ ಹಣದಿಂದ ಕೊಡುತ್ತೇವೆ ಎಂಬುದನ್ನು ಎಲ್ಲೋ ಒಳಗೆ ತುರುಕಿರುತ್ತಾರೆ. ಇದರಲ್ಲಿ ಅದು ಒಂಬತ್ತನೇ ಪುಟದಲ್ಲಿತ್ತು. ಸಹಿ ಹಾಕಿದಾಗ 2 ಲಕ್ಷ. ಅರ್ಧ ಸೀಸನ್ ಮುಗಿದಾಗ 4 ಲಕ್ಷ. ಉಳಿದ 4 ಲಕ್ಷ ಸೀಸನ್ ಮುಗಿದ 90 ದಿನದೊಳಗೆ, ಅದೂ ತಂಡಕ್ಕೆ ಪ್ರಾಯೋಜಕರ ಹಣ ಬಂದ ಮೇಲೆ.

ನಾನು ಬಿಡಿಸಿ ಹೇಳುವ ಮೊದಲೇ ಶೆಟ್ರು ಹೇಳಿದರು: "ಅಂದ್ರೆ ಉದ್ರಿ."

ಅವರ ಗಲ್ಲಾದ ಹಿಂದೆ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ಇದೆ. ಹೋಟೆಲಿನಲ್ಲಿ ಉದ್ರಿ ಕೊಡುವಾಗ ಕೊನೇಪಕ್ಷ ತಿಂದವನ ಮುಖ ಗೊತ್ತಿರುತ್ತದೆ. ಇಲ್ಲಿ ಹುಡುಗನಿಗೆ ಪ್ರಾಯೋಜಕ ಯಾರೆಂದೂ ಗೊತ್ತಿಲ್ಲ, ಅವರಿಗೂ ತಂಡಕ್ಕೂ ಆದ ಒಪ್ಪಂದದಲ್ಲಿ ಏನಿದೆ ಎಂದೂ ಗೊತ್ತಿಲ್ಲ. ಅವರು ಕೈ ಎತ್ತಿದರೆ ನಷ್ಟ ಮಾತ್ರ ಇವನದು. ಆಡುವುದಂತೂ ಆಡಿ ಆಗಿರುತ್ತದೆ.

"ಎನ್‌ಬಿಎಯಲ್ಲಿ ಹೀಗೆಲ್ಲ ಇರಲ್ಲ ಅಲ್ವಾ ಅಂಕಲ್?" ಎಂದ ಹುಡುಗ. 2019ರ ಅಕ್ಟೋಬರಿನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಆ ಅಮೆರಿಕದ ಲೀಗಿನ ಎರಡು ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಆಡಿದಾಗಿನಿಂದ ಅವನಿಗೆ ಅದೇ ಗುಂಗು.

ಅಲ್ಲಿಯೂ ಮೊದಲ ಪುಟದ ಮೊತ್ತ ಪೂರ್ತಿ ಕೈಗೆ ಬರುತ್ತದೆ ಎಂದೇನಿಲ್ಲ. 2024ರಲ್ಲಿ ಬಾಸ್ಟನ್‌ನ ಜೇಸನ್ ಟೇಟಮ್ 5 ವರ್ಷಕ್ಕೆ ಸುಮಾರು 31.4 ಕೋಟಿ ಡಾಲರಿಗೆ ಸಹಿ ಹಾಕಿದ್ದು ಎಲ್ಲ ಪೇಪರಿನಲ್ಲೂ ಬಂತು. ಆದರೆ ಅಲ್ಲಿ ಆಟಗಾರರ ಸಂಬಳದಲ್ಲಿ ಶೇ 10ರವರೆಗೆ ಹಿಡಿದಿಟ್ಟುಕೊಳ್ಳುತ್ತಾರೆ. ಲೀಗಿನ ಬಾಸ್ಕೆಟ್‌ಬಾಲ್ ಆದಾಯದಲ್ಲಿ ಆಟಗಾರರ ಪಾಲು ಶೇ 49ರಿಂದ 51. ವರ್ಷದ ಕೊನೆಗೆ ಲೆಕ್ಕ ಹಾಕಿ, ಸಂಬಳ ಆ ಪಾಲನ್ನು ದಾಟಿದ್ದರೆ ಹಿಡಿದಿಟ್ಟದ್ದರಲ್ಲಿ ಅಷ್ಟು ತಂಡಗಳಿಗೆ ಹೋಗುತ್ತದೆ. ಇನ್ನು ಎಲ್ಲರಿಗೂ ಗ್ಯಾರಂಟಿ ಕರಾರು ಸಿಗುವುದೂ ಇಲ್ಲ. ಹತ್ತೇ ದಿನದ ಕರಾರಿನಲ್ಲಿ ಆಡುವವರೂ ಇದ್ದಾರೆ.

ಆದರೂ ಅಲ್ಲಿ ಒಂದು ಧೈರ್ಯ ಇದೆ. ಹಣ ಎಲ್ಲಿಂದ ಬರುತ್ತದೆ ಎಂಬುದು ಮೊದಲೇ ನಿಗದಿಯಾಗಿದೆ. 2025-26ರಿಂದ ಡಿಸ್ನಿ, ಎನ್‌ಬಿಸಿ, ಅಮೆಜಾನ್ ಜೊತೆಗಿನ ಪ್ರಸಾರ ಒಪ್ಪಂದ 11 ವರ್ಷದ್ದು, ಸುಮಾರು 7,600 ಕೋಟಿ ಡಾಲರಿನದು. 1984-85ರಲ್ಲಿ ಒಂದು ತಂಡದ ಸಂಬಳದ ಮಿತಿ 36 ಲಕ್ಷ ಡಾಲರ್ ಇತ್ತು. 2025-26ರಲ್ಲಿ ಅದು 15.46 ಕೋಟಿ. ಟಿವಿ ಹಣ ಹನ್ನೊಂದು ವರ್ಷಕ್ಕೆ ಗಟ್ಟಿಯಾಗಿರುವಾಗ ತಂಡ ಐದು ವರ್ಷದ ಮಾತು ಕೊಡಬಹುದು. ಪ್ರಾಯೋಜಕನೇ ಒಂದು ಸೀಸನ್ನಿಗೆ ಸಹಿ ಹಾಕಿರುವಾಗ ನಮ್ಮ ತಂಡಗಳು ಯಾವ ಧೈರ್ಯದ ಮೇಲೆ ಮಾತು ಕೊಡಬೇಕು? ತಂಡದವರನ್ನು ಸುಮ್ನೆ ಬೈಯುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅವರಿಗೂ ಟಿಕೆಟಿನ ಹಣ ಹಾಲ್ ಬಾಡಿಗೆಗೇ ಸಾಲುವುದಿಲ್ಲ.

ನಮ್ಮಲ್ಲಿ ಲೀಗುಗಳು ಬಂದಿಲ್ಲವೆಂದಲ್ಲ. 2015ರಲ್ಲಿ ಯುಬಿಎ ಶುರುವಾಯಿತು. ಮುಂಬೈ ಚಾಲೆಂಜರ್ಸ್, ಪುಣೆ ಪೇಶ್ವಾಸ್ ಎಂದು ತಂಡಗಳಿದ್ದವು. 2017ರ ನಂತರ ಅದು ನಡೆಯಲಿಲ್ಲ. 2025ರಲ್ಲಿ ಐಎನ್‌ಬಿಎಲ್ ಪ್ರೋ ಬಂತು, ಮುಂಬೈ ಟೈಟನ್ಸ್ ಆಡಿತು. ಲೀಗ್ ನಡೆಯುವುದು ವರ್ಷದಲ್ಲಿ ಎರಡು ಮೂರು ತಿಂಗಳು. ಉಳಿದ ತಿಂಗಳು ಆಟಗಾರನಿಗೆ ಊಟ ಹಾಕುವುದು ರೈಲ್ವೆ, ಒಎನ್‌ಜಿಸಿ, ಇನ್‌ಕಮ್ ಟ್ಯಾಕ್ಸ್, ಬ್ಯಾಂಕಿನ ಸ್ಪೋರ್ಟ್ಸ್ ಕೋಟಾ ಕೆಲಸ. ಭಾರತದ ಬಾಸ್ಕೆಟ್‌ಬಾಲಿಗೆ ನಿಜವಾದ ಪ್ರಾಯೋಜಕರು ಇವರೇ ಎಂದು ನನ್ನ ಲೆಕ್ಕ, ಜೆರ್ಸಿಯ ಮೇಲೆ ಹೆಸರು ಯಾರದೇ ಇರಲಿ.

ಇಲ್ಲೊಂದು ತೊಡಕಿದೆ. ಕೇಂದ್ರ ಸರ್ಕಾರದ ನೌಕರರ ನಡತೆ ನಿಯಮ ಹವ್ಯಾಸಿಯಾಗಿ ಆಡಲು ಮಾತ್ರ ಅನುಮತಿ ಇಲ್ಲದೆ ಬಿಡುತ್ತದೆ. ಹಣ ಪಡೆದು ಆಡುವುದಾದರೆ ಮೊದಲು ಕಚೇರಿಯಿಂದ ಒಪ್ಪಿಗೆ ಪತ್ರ ಬೇಕು. ಶೆಟ್ರ ಮಗ ರೈಲ್ವೆ ಟ್ರಯಲ್ಸ್ ಕೊಟ್ಟು ಕಾಯುತ್ತಿದ್ದ. ಕರಾರಿನಲ್ಲಿ ನೋಡಿದರೆ, ಸೀಸನ್ ನಡುವೆ ಬಿಟ್ಟರೆ ಪಡೆದ ಹಣ ವಾಪಸ್ ಕೊಡಬೇಕು ಎಂದಿತ್ತು. ನೇಮಕ ಪತ್ರ ಸೀಸನ್ ಮಧ್ಯೆಯೇ ಬಂದರೆ? ಸರ್ಕಾರಿ ಕೆಲಸಕ್ಕೆ ಸೇರಬೇಕೆಂದು ತಂಡದಿಂದ ಹೊರಬಂದರೆ ಆಡಿದ ದಿನಗಳ ಹಣ ಅವನದೇ ಎಂದು ಒಂದು ಸಾಲು ಸೇರಿಸಿದೆವು. ನನಗೆ ಕೇಳಿದರೆ ಹತ್ತು ಲಕ್ಷಕ್ಕಿಂತ ಆ ಸಾಲಿನ ಬೆಲೆ ಜಾಸ್ತಿ.

ಹುಡುಗನ ಚಿಂತೆಯೇ ಬೇರೆ. ಕೋರ್ಟಿನಲ್ಲಿ ತಂಡದ ಪ್ರಾಯೋಜಕರ ಶೂ ಮಾತ್ರ ಹಾಕಬೇಕು ಎಂದು ಬರೆದಿತ್ತು. ಇವನ ಪಾದ 14ನೇ ನಂಬರ್. ಆ ಕಂಪನಿ ಇಲ್ಲಿ ಮಾರುವುದು 12ರವರೆಗೆ. "ಬೆರಳು ಮಡಚಿ ಆಡ್ಲಾ ಅಂಕಲ್?" ಎಂದ. ಎನ್‌ಬಿಎಯಲ್ಲಿ ಜೆರ್ಸಿ ನೈಕಿಯದು, ಶೂ ಆಟಗಾರನ ಇಷ್ಟ. ಆಂಥೊನಿ ಎಡ್ವರ್ಡ್ಸ್ ನೈಕಿ ಜೆರ್ಸಿ ತೊಟ್ಟು ಅಡಿಡಾಸ್ ಶೂನಲ್ಲೇ ಆಡುತ್ತಾನೆ. ಅದಕ್ಕೇ ಅಲ್ಲಿ ಶೂ ಕರಾರು ಸಂಬಳದ ಹೊರಗಿನ ಆದಾಯ. ನಮ್ಮವನಿಗೆ ಅಷ್ಟು ಬೇಡ, ಕಾಲು ಉಳಿದರೆ ಸಾಕು. ಅಳತೆ ಸಿಗದಿದ್ದರೆ ಸ್ವಂತ ಶೂ ಹಾಕಬಹುದು ಎಂದು ಬರೆಸಿದೆವು. ಹೇಳುವುದು ಮರೆತೆ: ವೃತ್ತಿಯಾಗಿ ಆಡುವವನಿಗೆ ಪ್ರಾಯೋಜಕರು ಪುಕ್ಕಟೆ ಕೊಟ್ಟ ಸಾಮಾನು ವರ್ಷಕ್ಕೆ 20,000 ರೂಪಾಯಿ ದಾಟಿದರೆ ಅದರ ಮೇಲೂ ಶೇ 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಇದೆ. ಶೂ, ಕಿಟ್ ಬ್ಯಾಗು ಎಲ್ಲ ಲೆಕ್ಕಕ್ಕೆ ಬರುತ್ತವೆ.

ವ್ಯಾಜ್ಯದ ಪುಟವನ್ನು ವಕೀಲ ಗೆಳೆಯನಿಗೆ ಕಳಿಸಿದೆ. ಜಗಳವಾದರೆ ತಂಡದವರೇ ಒಬ್ಬ ಮಧ್ಯಸ್ಥಗಾರನನ್ನು ನೇಮಿಸುತ್ತಾರೆ ಎಂದು ಅದರಲ್ಲಿತ್ತು. ಫಲಿತಾಂಶದಲ್ಲಿ ಪಾಲಿರುವವರು ಹಾಗೆ ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹೊರದೇಶದ ಆಟಗಾರರು ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ಬಾಸ್ಕೆಟ್‌ಬಾಲ್ ನ್ಯಾಯಮಂಡಳಿಯ ಹೆಸರು ಬರೆಸಿಕೊಳ್ಳುವುದುಂಟು. ಅದು 2007ರಿಂದ ಇದೆ, ಜಿನೀವಾ ಅದರ ನೆಲೆ. ಅದರ ತೀರ್ಪು ಪಾಲಿಸದ ಕ್ಲಬ್ ಮೇಲೆ ಫಿಬಾ ನಿಷೇಧ ಹಾಕಬಹುದು. 4 ಲಕ್ಷಕ್ಕೆ ಜಿನೀವಾ ದಾರಿ ದುಬಾರಿ. ಇಬ್ಬರೂ ಒಪ್ಪಿದ ಮಧ್ಯಸ್ಥಗಾರ, ಜಾಗ ಮುಂಬೈ ಎಂದು ತಿದ್ದಿದೆವು.

ತಂಡದವರು ಎಲ್ಲ ಒಪ್ಪಲಿಲ್ಲ. ಆಟದಲ್ಲಿ ಗಾಯವಾದರೆ ಪೂರ್ತಿ ಹಣ ಕೇಳಿದ್ದೆವು, ಅರ್ಧಕ್ಕೆ ಬಂದರು. ಪ್ರಾಯೋಜಕರ ಹಣದ ಸಾಲು ತೆಗೆದರು, 90 ದಿನ 45 ಆಯಿತು. ಶೆಟ್ರು ಆ ದಿನಾಂಕವನ್ನು ಗಲ್ಲಾದ ಪಕ್ಕದ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿಟ್ಟರು.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರ ಫೋನ್ ಬಂತು. ಹಿಂದೆ ತಟ್ಟೆ ಲೋಟದ ಸದ್ದು.

"ರಾಯ್ರೇ, ಮೂರ್ ಲಕ್ಷದ ಅರ್ವತ್ತ್ ಸಾವ್ರ ಬಂತ್. ನಲ್ವತ್ತ್ ಸಾವ್ರ ಯಾರ್ ತಿಂದ್ರ್?"

ಯಾರೂ ತಿಂದಿಲ್ಲ ಶೆಟ್ರೇ, ಟಿಡಿಎಸ್ ಎಂದೆ. ಮೊದಲ ಎರಡು ಕಂತಿನಲ್ಲೂ ಹೀಗೇ 60,000 ಹಿಡಿದಿದ್ದರು, ಆಗ ಅವರು ಗಮನಿಸಿರಲಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಹುಡುಗನಿಗೆ ಬೇರೆ ಆದಾಯವಿಲ್ಲ, ರಿಟರ್ನ್ ಹಾಕಿದರೆ ಒಂದು ಲಕ್ಷವೂ ವಾಪಸ್ ಬರುತ್ತದೆ ಎಂದು ವಿವರಿಸಿದೆ.

"ಹಾಂಗಾರೆ ಸರ್ಕಾರದ್ದೂ ಉದ್ರಿಯೇ" ಎಂದು ಫೋನ್ ಇಟ್ಟರು.